ಗುರಾಣಿ ಮೇಲೊಂದು ಹೇಂಟೆ

(ಕಳೆದ ತಿಂಗಳು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಅಲ್ಲಿ ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಬಣ್ಣಗಳನ್ನು ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲನೇ ಚಿತ್ರ ನೋಡಿ. ಚಿನ್ನದ ಬಣ್ಣದ ಗುರಾಣಿ. ಅದರ ಮೇಲೆ ಮೂರು ಹಸಿರು ದಿಬ್ಬ. ದಿಬ್ಬದ ಮೇಲೆ ಒಂದು ಕಪ್ಪು ಕೋಳಿ. ಹುಂಜ ಅಲ್ಲ, ಗಮನಿಸಿ. ಹೇಂಟೆ.

ಜರ್ಮನಿಯ ನಡುಭಾಗದ ಥುರಿಂಗಿಯಾದಲ್ಲಿ ಸೂಲ್ ಅಂತ ಒಂದು ಊರಿದೆ. ನೂರಾರು ವರ್ಷದಿಂದ ಬಂದೂಕು ಮಾಡಿ ಹೆಸರಾದ ಊರು. ಆ ಊರಿನ ಲಾಂಛನದಲ್ಲಿ ಈ ಹೇಂಟೆ ಇದೆ. ಬಂದೂಕು ಮಾಡುವವರು ಸಿಂಹ ಹಾಕಿಕೊಳ್ಳಬಹುದಿತ್ತು, ಹದ್ದು ಹಾಕಿಕೊಳ್ಳಬಹುದಿತ್ತು. ಕೋಳಿ ಯಾಕೆ?

ಉತ್ತರ ಸುಲಭ. ಆ ಸೀಮೆಯನ್ನು ಆಳುತ್ತಿದ್ದ ಪಾಳೆಗಾರರ ಮನೆತನದ ಹೆಸರು ಹೆನ್ನೆಬೆರ್ಗ್. ಜರ್ಮನ್‌ನಲ್ಲಿ 'ಹೆನ್ನೆ' ಅಂದರೆ ಹೇಂಟೆ. 'ಬೆರ್ಗ್' ಅಂದರೆ ಬೆಟ್ಟ. ಬೆಟ್ಟ ಬರೆದರು, ಅದರ ಮೇಲೆ ಕೋಳಿ ಕೂರಿಸಿದರು. ಅಷ್ಟೇ. 1583ರಲ್ಲಿ ಆ ಮನೆತನದ ಕೊನೆಯವನು ಮಕ್ಕಳಿಲ್ಲದೆ ತೀರಿಕೊಂಡ. ಅವರ ಆಸ್ತಿಯನ್ನು ಪಕ್ಕದವರು ಹಂಚಿಕೊಂಡರು. ಕೋಳಿ ಮಾತ್ರ ಕದಲಲಿಲ್ಲ. ಇವತ್ತಿಗೂ ಸೂಲ್ ಊರಿನಲ್ಲಿ, ಪಕ್ಕದ ಶ್ಮಾಲ್ಕಾಲ್ಡೆನ್-ಮೈನಿಂಗೆನ್ ಜಿಲ್ಲೆಯ ಲಾಂಛನದಲ್ಲಿ ಅದೇ ಹೇಂಟೆ ನಿಂತಿದೆ. ಯಜಮಾನ ಹೋಗಿ 400 ವರ್ಷದ ಮೇಲಾಯಿತು, ಮನೆ ಬಾಗಿಲಿನ ಬೋರ್ಡ್ ಯಾರೂ ತೆಗೆದಿಲ್ಲ.

ಈ ಸಂಗತಿ ನನಗೆ ಹುಚ್ಚು ಹಿಡಿಸಿತು. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ. ಲಾಂಛನ ಅಂದ ಕೂಡಲೇ ನಾವು ಗಂಭೀರವಾಗಿಬಿಡುತ್ತೇವೆ. ಸಿಂಹ ಅಂದರೆ ಶೌರ್ಯ, ಬಿಳಿ ಅಂದರೆ ಶಾಂತಿ, ಹಸಿರು ಅಂದರೆ ಸಮೃದ್ಧಿ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಜರ್ಮನಿಯ ಸಣ್ಣ ಊರುಗಳ ಲಾಂಛನಕ್ಕೆ ಈ ಲೆಕ್ಕ ಹೆಚ್ಚಾಗಿ ಹೊಂದುವುದೇ ಇಲ್ಲ. ಅಲ್ಲಿ ಎರಡೇ ಪ್ರಶ್ನೆ ಕೇಳಬೇಕು. ಈ ಊರಿನ ಹೆಸರು ಕಿವಿಗೆ ಹೇಗೆ ಕೇಳುತ್ತದೆ? ಈ ಊರು ಒಂದು ಕಾಲದಲ್ಲಿ ಯಾರದ್ದಾಗಿತ್ತು? ಮುಕ್ಕಾಲು ಒಗಟು ಅಲ್ಲಿಗೇ ಬಿಚ್ಚಿಕೊಳ್ಳುತ್ತದೆ.

ಮೊದಲು ಹುಟ್ಟಿನ ಕಥೆ. ಜರ್ಮನ್‌ನಲ್ಲಿ ಲಾಂಛನಕ್ಕೆ 'ವಾಪನ್' ಅನ್ನುತ್ತಾರೆ. ಆಯುಧಕ್ಕೆ 'ವಾಫೆ'. ಎರಡೂ ಒಂದೇ ಬೇರಿನ ಮಾತು. 12ನೇ ಶತಮಾನದ ಹೊತ್ತಿಗೆ ಯುರೋಪಿನ ಯೋಧರು ಮುಖ ಮುಚ್ಚುವಂಥ ಶಿರಸ್ತ್ರಾಣ ಹಾಕುತ್ತಿದ್ದರು. ಎದುರಿಗೆ ಬರುವವನು ನಮ್ಮವನೋ ಶತ್ರುವೋ ಗೊತ್ತಾಗಬೇಕಲ್ಲ? ಗುರಾಣಿಗೆ ಬಣ್ಣ ಬಳಿದರು. ಊರುಗಳು ಯುದ್ಧಕ್ಕಿಂತ ಹೆಚ್ಚಾಗಿ ಕಾಗದಪತ್ರದ ದಾರಿಯಲ್ಲಿ ಇಲ್ಲಿಗೆ ಬಂದವು. ಕರಾರು ಪತ್ರಕ್ಕೆ ಮೇಣದ ಮೊಹರು ಒತ್ತಬೇಕಿತ್ತು. ಮೊಹರಿಗೆ ಒಂದು ಚಿತ್ರ ಬೇಕಿತ್ತು. ಆ ಚಿತ್ರವೇ ನಿಧಾನಕ್ಕೆ ಗುರಾಣಿಗೆ ಏರಿತು, ಅಲ್ಲಿಂದ ಬಾವುಟಕ್ಕೆ ಇಳಿಯಿತು. ಓದಲು ಬಾರದ ಜನರೇ ಜಾಸ್ತಿ ಇದ್ದ ಕಾಲ ಅದು. ನಮ್ಮಲ್ಲಿ ಚುನಾವಣೆಗೆ ನೇಗಿಲು, ಸೈಕಲ್ಲು ಅಂತ ಚಿಹ್ನೆ ಕೊಟ್ಟರಲ್ಲ, ಅದೇ ಕಾರಣ.

ಓದಲು ಬಾರದವನಿಗೆ ಊರಿನ ಹೆಸರು ಹೇಳುವುದು ಹೇಗೆ? ಹೆಸರನ್ನೇ ಚಿತ್ರ ಮಾಡಿಬಿಡುವುದು. ಇಂಥವನ್ನು ಜರ್ಮನ್ನರು 'ಮಾತಾಡುವ ಲಾಂಛನ' ಅನ್ನುತ್ತಾರೆ. ನನಗೆ ಅತಿ ಇಷ್ಟವಾದದ್ದು ದಕ್ಷಿಣ ಜರ್ಮನಿಯ ಬವೇರಿಯಾ ರಾಜ್ಯದ ಡಿಂಕೆಲ್ಸ್‌ಬ್ಯೂಲ್. ಕೋಟೆಗೋಡೆ ಇನ್ನೂ ಗಟ್ಟಿಯಾಗಿರುವ ಸಣ್ಣ ಊರು. 'ಡಿಂಕೆಲ್' ಅಂದರೆ ಗೋಧಿಯ ಒಂದು ಹಳೇ ತಳಿ. 'ಬ್ಯೂಲ್' ಅಂದರೆ ದಿಬ್ಬ. ಕೆಂಪು ಗುರಾಣಿ, ಮೂರು ದಿಬ್ಬ, ಮೂರು ಚಿನ್ನದ ತೆನೆ. ಗಟ್ಟಿಯಾಗಿ ಓದಿದರೆ ಊರಿನ ಹೆಸರೇ ಬಾಯಿಗೆ ಬರುತ್ತದೆ.

ನೆಕರ್ ನದಿ ದಂಡೆಯ ಎಬರ್‌ಬಾಖ್‌ಗೆ ಹೋಗಿ. 'ಎಬರ್' ಕಾಡುಹಂದಿ, 'ಬಾಖ್' ಹಳ್ಳ. ಗುರಾಣಿಯ ತಳದಲ್ಲಿ ನೀಲಿ ಅಲೆ, ಅದರ ಮೇಲೆ ನಡೆಯುವ ಕರೀ ಕಾಡುಹಂದಿ. ಬೀಬರಾಖ್‌ನಲ್ಲಿ ಬೀವರ್ ಪ್ರಾಣಿ. ಅದರ ತಲೆಗೆ ಕಿರೀಟ ಬೇರೆ! ರೋಸನ್‌ಹೈಮ್‌ನಲ್ಲಿ ಗುಲಾಬಿ. ಓಕ್ಸನ್‌ಫುರ್ಟ್ ಅಂದರೆ ಎತ್ತುಗಳು ಹೊಳೆ ದಾಟುವ ಕಡವು, ಅಲ್ಲಿ ಎತ್ತು. ಪ್ರವಾಸಿಗರು ಮುಗಿಬೀಳುವ ರೋಥೆನ್‌ಬುರ್ಗ್ ಅಂದರೆ ಕೆಂಪು ಕೋಟೆ. ಬೆಳ್ಳಿ ಬಣ್ಣದ ಗುರಾಣಿ ಮೇಲೆ ಕೆಂಪು ಕೋಟೆ ಬರೆದು ಕೈ ತೊಳೆದುಕೊಂಡಿದ್ದಾರೆ.

ಹಾಗಾದರೆ ಶ್ವೈನ್‌ಫುರ್ಟ್? 'ಶ್ವೈನ್' ಅಂದರೆ ಹಂದಿ. ಎತ್ತಿನ ಕಡವಿಗೆ ಎತ್ತಾದರೆ ಹಂದಿ ಕಡವಿಗೆ ಹಂದಿ ಇರಬೇಕಲ್ಲ? ಇಲ್ಲ. ಅಲ್ಲಿ ನೀಲಿ ಗುರಾಣಿ ಮೇಲೆ ಬೆಳ್ಳಿ ಹದ್ದು. ಶ್ವೈನ್‌ಫುರ್ಟ್ ಯಾವ ಪಾಳೆಗಾರನಿಗೂ ತಲೆಬಾಗದ, ನೇರ ಚಕ್ರವರ್ತಿಗೆ ಮಾತ್ರ ಉತ್ತರ ಹೇಳುವ ಊರಾಗಿತ್ತು. ಅಂಥ ಊರುಗಳಿಗೆ ಚಕ್ರವರ್ತಿಯ ಹದ್ದಿನ ಮೇಲೆ ವಿಪರೀತ ಹೆಮ್ಮೆ. ಹಂದಿಯನ್ನು ಬಿಟ್ಟು ಹದ್ದನ್ನು ಹಿಡಿಯಲು ಒಳ್ಳೇ ನೆಪ ಸಿಕ್ಕಿತು ಅಂತ ನನ್ನ ಅನುಮಾನ. ಇದಕ್ಕೆ ಪುರಾವೆ ಕೇಳಬೇಡಿ.

ಇನ್ನೊಂದು ತಮಾಷೆ ಇದೆ. ಹೆಸರಿನ ಅರ್ಥ ತಪ್ಪಾಗಿದ್ದರೂ ಚಿತ್ರ ನಿಂತುಬಿಡುತ್ತದೆ. ದೊಡ್ಡ ಊರಾದರೂ ಬರ್ಲಿನ್ ಹೆಸರು ಹೇಳಲೇಬೇಕು. ಅಲ್ಲಿನ ಕರಡಿ ಜಗತ್ಪ್ರಸಿದ್ಧ. 'ಬೇರ್' ಅಂದರೆ ಕರಡಿ, ಅದಕ್ಕೇ ಬರ್ಲಿನ್ ಅಂತ ಎಲ್ಲರೂ ನಂಬಿದ್ದರು. ಭಾಷೆ ಬಲ್ಲವರು ಹೇಳುವುದು ಬೇರೆ. ಆ ಹೆಸರು ಜರ್ಮನ್ ಅಲ್ಲ, ಹಳೇ ಸ್ಲಾವ್ ಭಾಷೆಯದು, ಜೌಗು ನೆಲಕ್ಕೆ ಸಂಬಂಧಿಸಿದ್ದು. ಕೆಸರಿನ ಊರಿಗೆ ಕರಡಿ ಬಂತು. ನಗಬೇಡಿ. ಬೆಂದಕಾಳಿನ ಕಥೆಗಿಂತ ಮೊದಲೇ, 9ನೇ ಶತಮಾನದ ಬೇಗೂರು ಶಾಸನದಲ್ಲಿ 'ಬೆಂಗಳೂರು' ಇದೆ. ಆದರೂ ಈ ಪದ್ಧತಿಯಲ್ಲಿ ಬೆಂಗಳೂರಿಗೆ ಲಾಂಛನ ಮಾಡಿದ್ದರೆ ಒಂದು ಬಟ್ಟಲು ಹುರುಳಿ ಗ್ಯಾರಂಟಿ ಇರುತ್ತಿತ್ತು.

ಈಗ ಸ್ವಲ್ಪ ನಿಯಮ. ಬೇಗ ಮುಗಿಸುತ್ತೇನೆ.

ಬಣ್ಣಗಳು ಮುಖ್ಯವಾಗಿ ಆರು. ಚಿನ್ನ, ಬೆಳ್ಳಿ ಇವೆರಡು 'ಲೋಹ'. ಬಟ್ಟೆ ಮೇಲೆ ಅವು ಹಳದಿ, ಬಿಳಿ ಆಗುತ್ತವೆ. ಕೆಂಪು, ನೀಲಿ, ಹಸಿರು, ಕಪ್ಪು ಇವು 'ಬಣ್ಣ'. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ನೀಲಿ ಮೇಲೆ ಕಪ್ಪು ಹದ್ದು ಬರೆದರೆ ನೂರು ಅಡಿ ದೂರದಿಂದ ಏನೂ ಕಾಣುವುದಿಲ್ಲ. ಹಳದಿ ಮೇಲೆ ಕಪ್ಪು ಕೋಳಿ ಬರೆಯಿರಿ, ಹೊಲದ ಆಚೆ ಬದಿಯಿಂದಲೂ ಕಾಣುತ್ತದೆ. ಎಡ ಬಲ ಹೇಳುವುದು ನೋಡುವವನ ಕಡೆಯಿಂದ ಅಲ್ಲ, ಗುರಾಣಿ ಹಿಡಿದವನ ಕಡೆಯಿಂದ. ಅಂದರೆ ಅವರ ಬಲ ನಮ್ಮ ಎಡ. ನಾನು ಶುರುವಿನಲ್ಲಿ ಎಷ್ಟು ಸಲ ಇದರಲ್ಲಿ ಎಡವಿದ್ದೇನೋ ಲೆಕ್ಕವಿಲ್ಲ.

ಇವೆಲ್ಲಕ್ಕಿಂತ ಸೊಗಸಾದ ನಿಯಮ ಇನ್ನೊಂದು. ಅಸಲಿ ಲಾಂಛನ ಚಿತ್ರ ಅಲ್ಲ, ಮಾತು. 'ಚಿನ್ನದಲ್ಲಿ, ಹಸಿರು ಮೂರುದಿಬ್ಬದ ಮೇಲೆ ಕಪ್ಪು ಹೇಂಟೆ' ಅಂತ ಒಂದು ವಾಕ್ಯ ಇರುತ್ತದೆ. ಆ ವಾಕ್ಯವೇ ಲಾಂಛನ. ಅದನ್ನು ಓದಿ ಯಾವ ಕಲಾವಿದ ಬೇಕಾದರೂ ಬರೆಯಬಹುದು. ಒಬ್ಬನ ಕೋಳಿ ದಪ್ಪ, ಒಬ್ಬನದು ಸಣಕಲು. ಎರಡೂ ಸರಿ. ನಮ್ಮ ಶಿಲ್ಪಿಗಳಿಗೆ ಧ್ಯಾನಶ್ಲೋಕ ಇರುತ್ತದಲ್ಲ, ಹಾಗೇ. ಕೈಯಲ್ಲಿ ಏನಿದೆ, ಬಣ್ಣ ಯಾವುದು, ವಾಹನ ಯಾವುದು ಅಂತ ಶ್ಲೋಕ ಹೇಳುತ್ತದೆ. ಮೂಗು ಎಷ್ಟು ಉದ್ದ ಅನ್ನುವುದು ಉಳಿಗೆ ಬಿಟ್ಟದ್ದು.

ಎರಡನೇ ಪ್ರಶ್ನೆಗೆ ಬರೋಣ. ಊರು ಯಾರದ್ದಾಗಿತ್ತು?

ಥುರಿಂಗಿಯಾದ ಎರ್ಫುರ್ಟ್‌ನಲ್ಲಿ ಕೆಂಪಿನ ಮೇಲೆ ಆರು ಕಡ್ಡಿಯ ಬಿಳಿ ಗಾಲಿ ಇದೆ. ರೈನ್ ನದಿಯ ಪಕ್ಕದ ಎಷ್ಟೋ ವೈನ್ ಊರುಗಳಲ್ಲಿ ಅದೇ ಗಾಲಿ. ಗಾಡಿ ಮಾಡುವವರ ಊರುಗಳಾ? ಅಲ್ಲ. ಅದು ಮೈನ್ಸ್ ಆರ್ಚ್‌ಬಿಷಪ್‌ನ ಗುರುತು. ಆ ಧರ್ಮಗುರುವಿಗೆ ದೂರದೂರದಲ್ಲಿ ಆಸ್ತಿ ಇತ್ತು. ಎಲ್ಲೆಲ್ಲಿ ಆಸ್ತಿಯೋ ಅಲ್ಲೆಲ್ಲ ಗಾಲಿ. ಎಮ್ಮೆಗೆ ಬರೆ ಹಾಕಿ ಗುರುತು ಮಾಡಿದ ಹಾಗೆ. ಇದಕ್ಕೊಂದು ಕಥೆಯೂ ಇದೆ. 975ರಲ್ಲಿ ಆರ್ಚ್‌ಬಿಷಪ್ ಆದ ವಿಲ್ಲಿಗಿಸ್ ಗಾಲಿ ಮಾಡುವವನ ಮಗನಂತೆ. ದೊಡ್ಡ ಮನೆತನದವರು ಹಂಗಿಸಲು ಅವನ ಗೋಡೆ ಮೇಲೆ ಗಾಲಿ ಬರೆದರಂತೆ. ಅವನು ಅದನ್ನೇ ತನ್ನ ಗುರುತು ಮಾಡಿಕೊಂಡನಂತೆ. ಕಥೆ ಚೆನ್ನಾಗಿದೆ. ಆದರೆ ಅವನ ಕಾಲದಲ್ಲಿ ಲಾಂಛನ ಅನ್ನುವ ಪದ್ಧತಿಯೇ ಇರಲಿಲ್ಲ. ಅವನು 1011ರಲ್ಲಿ ತೀರಿಕೊಂಡ. ಗುರಾಣಿಗೆ ಬಣ್ಣ ಬಂದದ್ದು ನೂರು ವರ್ಷದ ಮೇಲೆ.

ಬವೇರಿಯಾದ ನೀಲಿ-ಬಿಳಿ ಓರೆಚೌಕಗಳನ್ನು ನೀವು ಬಿಯರ್ ಜಾಹೀರಾತಿನಲ್ಲಿ ನೋಡಿರುತ್ತೀರಿ. ಅವೂ ಬೇರೆಯವರದ್ದೇ. ಡಾನ್ಯೂಬ್ ದಂಡೆಯ ಬೋಗನ್ ಪಾಳೆಗಾರರ ಮನೆತನ 1242ರಲ್ಲಿ ನಿಂತುಹೋಯಿತು. ಆಸ್ತಿಯ ಜೊತೆ ಚೌಕಗಳೂ ಬವೇರಿಯಾದ ದೊರೆಗಳ ಪಾಲಾದವು. ಈಗ ಅಲ್ಲಿನ ಸಣ್ಣ ಊರುಗಳ ಗುರಾಣಿಯಲ್ಲಿ ಎಲ್ಲಿ ನೋಡಿದರೂ ಅದೇ.

ಮ್ಯೂನಿಕ್ ಸುತ್ತಮುತ್ತ ಇನ್ನೊಂದು ಚಿತ್ರ ಸಿಗುತ್ತದೆ. ಕಿರೀಟ ತೊಟ್ಟ ಕಪ್ಪು ಮನುಷ್ಯನ ತಲೆ. ಇಸ್ಮಾನಿಂಗ್‌ನಲ್ಲಿದೆ, ಆಲ್ಪ್ಸ್ ಬೆಟ್ಟದ ಬುಡದ ಮಿಟ್ಟೆನ್‌ವಾಲ್ಡ್‌ನಲ್ಲಿದೆ. ಅವೆಲ್ಲ ಫ್ರೈಸಿಂಗ್ ಬಿಷಪ್‌ಗೆ ಸೇರಿದ ಜಾಗಗಳಾಗಿದ್ದವು. 2005ರಲ್ಲಿ ಪೋಪ್ ಆದ ಹದಿನಾರನೇ ಬೆನೆಡಿಕ್ಟ್ ಅದಕ್ಕೂ ಮೊದಲು ಮ್ಯೂನಿಕ್-ಫ್ರೈಸಿಂಗ್‌ನ ಆರ್ಚ್‌ಬಿಷಪ್ ಆಗಿದ್ದರು. ಅವರ ಲಾಂಛನದಲ್ಲೂ ಆ ತಲೆ ಇತ್ತು. ಬವೇರಿಯಾದ ಉತ್ತರ ತುದಿಯ ಕೋಬುರ್ಗ್‌ನಲ್ಲೂ ಕಪ್ಪು ತಲೆ ಇದೆ. ಆದರೆ ಅದು ಬೇರೆ. ಅದು ಸಂತ ಮೌರಿಸ್‌ನದು, ಆ ಊರನ್ನು ಕಾಯುವ ಸಂತ. ನೋಡಲು ಒಂದೇ ಥರ ಇದ್ದರೂ ಬಂದ ದಾರಿ ಬೇರೆ ಬೇರೆ. ಲಾಂಛನ ಓದುವವರು ಜಾಸ್ತಿ ಮುಗ್ಗರಿಸುವುದು ಇಲ್ಲೇ.

ಕೋಬುರ್ಗ್ ಬಗ್ಗೆ ಸ್ವಲ್ಪ ನಿಲ್ಲಬೇಕು. 1929ರ ನಗರಸಭೆ ಚುನಾವಣೆಯಲ್ಲಿ ನಾತ್ಸಿಗಳಿಗೆ ಸ್ಪಷ್ಟ ಬಹುಮತ ಕೊಟ್ಟ ಮೊದಲ ಜರ್ಮನ್ ಊರು ಅದು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1934ರಲ್ಲಿ, ಊರಿನ ಗುರಾಣಿಯಿಂದ ಆಫ್ರಿಕಾದ ಸಂತನನ್ನು ತೆಗೆದರು. ಆ ಜಾಗಕ್ಕೆ ಕತ್ತಿ ಬಂತು, ಕತ್ತಿಯ ಹಿಡಿಯಲ್ಲಿ ಸ್ವಸ್ತಿಕ. 1945ರಲ್ಲಿ ಯುದ್ಧ ಸೋತರು. ಸಂತ ವಾಪಸ್ ಬಂದ. ಕಥೆ ಅಲ್ಲಿಗೆ ಮುಗಿಯಲಿಲ್ಲ. ದಪ್ಪ ತುಟಿ, ಕಿವಿಗೆ ಓಲೆ ಹಾಕಿ ಬರೆದ ಆ ತಲೆ ಕರಿಯರಿಗೆ ಅವಮಾನ ಅಂತ 2020ರಲ್ಲಿ ಕೆಲವರು ಬದಲಾಯಿಸಲು ಕೇಳಿದರು. ಬೇಡ, ಅದು ನಮ್ಮ ಸಂತ, ಅವನನ್ನು ತೆಗೆದವರು ನಾತ್ಸಿಗಳು ಅಂತ ಇನ್ನು ಕೆಲವರು ಹೇಳಿದರು. ಎರಡೂ ಕಡೆ ಮಾತಿನಲ್ಲಿ ಹುರುಳಿದೆ. ನನ್ನನ್ನು ಕೇಳಿದರೆ, ವಾಕ್ಯವನ್ನು ಹಾಗೇ ಉಳಿಸಿಕೊಂಡು ಮುಖವನ್ನು ಮರ್ಯಾದೆಯಿಂದ ಬೇರೆ ಬರೆಯಬಹುದು. ಅಸಲು ಇರುವುದು ಮಾತಿನಲ್ಲಿ ಅಂದೆನಲ್ಲ, ಅದರ ಅನುಕೂಲ ಇದು.

ನಮಗೆ ಹತ್ತಿರದ ಒಂದು ಊರು ಹೇಳದೆ ಹೋದರೆ ತಪ್ಪಾಗುತ್ತದೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಕಿಟ್ಟೆಲ್ ನೆನಪಿದ್ದಾರಲ್ಲ? 1894ರ ಕನ್ನಡ ನಿಘಂಟಿನ ಕಿಟ್ಟೆಲ್. ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ಆ ಊರಿನ ಗುರಾಣಿ ಚಿನ್ನದ್ದು, ಅದರಲ್ಲಿ ಮೂರು ಬಾಲದ ಕೆಂಪು ಬಾವುಟ. ಅಲ್ಲಿನ ಹಳೇ ಪಾಳೆಗಾರರ ಗುರುತು ಅದು. 1342ರಲ್ಲಿ ಅವರು ಊರನ್ನು ವ್ಯುರ್ಟೆಂಬೆರ್ಗ್ ದೊರೆಗಳಿಗೆ ಮಾರಿಬಿಟ್ಟರು. ಆದರೂ ಬಾವುಟ ಉಳಿಯಿತು. ವಿಶೇಷ ಇರುವುದು ಗುರಾಣಿಯ ಮೇಲ್ಗಡೆ. ಅಲ್ಲಿ ಅಂಗಿಯ ತೋಳು ತೊಟ್ಟ ಎರಡು ಕೈಗಳು ಒಂದನ್ನೊಂದು ಅಡ್ಡ ಹಾಯ್ದಿವೆ. ಒಂದೊಂದು ಕೈಯಲ್ಲೂ ಜಿಂಕೆಯ ಕವಲುಕೊಂಬು.

ಆ ಕೈಗಳು 1514ರಲ್ಲಿ ಬಂದವು. ವ್ಯುರ್ಟೆಂಬೆರ್ಗ್‌ನ ಡ್ಯೂಕ್ ಉಲ್ರಿಖ್ ಮಹಾ ದುಂದುಗಾರ. ಸಾಲ ತೀರಿಸಲು ಅವನು ಕಂಡುಕೊಂಡ ದಾರಿ ನೋಡಿ. ತೆರಿಗೆ ಹೆಚ್ಚು ಮಾಡುವ ಬದಲು ತೂಕದ ಬಟ್ಟನ್ನೇ ಕಡಿಮೆ ಮಾಡಿದ. ಬೆಲೆ ಅಷ್ಟೇ, ಸಿಗುವ ಮಾಂಸ ಕಡಿಮೆ. ಬಾಯ್ಟೆಲ್ಸ್‌ಬಾಖ್ ಹಳ್ಳಿಯ ಗೈಸ್‌ಪೀಟರ್ ಎಂಬ ಬಡವ ಆ ಹೊಸ ಬಟ್ಟುಗಳನ್ನು ತೆಗೆದುಕೊಂಡು ಹೋಗಿ ರೆಮ್ಸ್ ಹೊಳೆಗೆ ಎಸೆದ. ಡ್ಯೂಕ್ ಹೇಳುವುದು ನ್ಯಾಯವಾದರೆ ತೇಲು, ರೈತರದ್ದು ನ್ಯಾಯವಾದರೆ ಮುಳುಗು ಅಂದ. ಕಬ್ಬಿಣದ ಬಟ್ಟು ಏನು ಮಾಡುತ್ತದೆ? ದಂಗೆ ಹಬ್ಬಿತು. ಅದಕ್ಕೆ 'ಬಡ ಕೊನ್ರಾಡ್' ಅಂತ ಹೆಸರು ಬಿತ್ತು. ಟ್ಯೂಬಿಂಗೆನ್ ಪೇಟೆಯವರು ರೈತರ ಕಡೆ ನಿಲ್ಲಲಿಲ್ಲ, ಡ್ಯೂಕ್ ಕಡೆ ನಿಂತರು. ದಂಗೆಯನ್ನು ತುಳಿದ ಮೇಲೆ ಡ್ಯೂಕ್ ಕೊಟ್ಟ ಬಹುಮಾನ ಆ ಎರಡು ಕೈಗಳು. ಕವಲುಕೊಂಬು ಅವನ ಮನೆತನದ ಗುರುತು. ಇವತ್ತು ವಿದ್ಯಾರ್ಥಿಗಳೇ ತುಂಬಿರುವ, ಮೆರವಣಿಗೆ ಘೋಷಣೆಗಳ ಊರು ಅದು. ತಲೆ ಮೇಲೆ ಮಾತ್ರ ರೈತರ ವಿರುದ್ಧ ಪಡೆದ ಪದಕ ಇನ್ನೂ ಇದೆ.

ಬಾವುಟದ ಮಾತು ಜಾಸ್ತಿ ಇಲ್ಲ. ನಿಜ ಹೇಳಬೇಕೆಂದರೆ ಸಣ್ಣ ಊರುಗಳ ಬಾವುಟಗಳು ಅಷ್ಟೇನೂ ರಂಜನೀಯವಲ್ಲ. ಗುರಾಣಿಯ ಬಣ್ಣಗಳನ್ನೇ ಎರಡು ಮೂರು ಪಟ್ಟೆ ಮಾಡುತ್ತಾರೆ. ವಾಡಿಕೆಯಂತೆ ಒಳಗಿನ ಚಿತ್ರದ ಬಣ್ಣ ಮೊದಲು, ಹಿನ್ನೆಲೆಯ ಬಣ್ಣ ಆಮೇಲೆ. ಹಳೇ ಜರ್ಮನ್ ರಾಜ್ಯ ಪ್ರಷ್ಯಾದ ಬಿಳಿ ಗುರಾಣಿಯಲ್ಲಿ ಕಪ್ಪು ಹದ್ದು ಇತ್ತು, ಬಾವುಟ ಕಪ್ಪು-ಬಿಳಿ ಆಯಿತು. ಬಿಳಿ ಗುರಾಣಿಯಲ್ಲಿ ಹಸಿರು ಮೂರೆಲೆ ಇರುವ ಫ್ಯೂರ್ತ್ ಊರಿನದ್ದು ಹಸಿರು-ಬಿಳಿ. ಕೆಂಪು-ಬಿಳಿ ಊರುಗಳಂತೂ ರಾಶಿ ರಾಶಿ. ಗೊತ್ತಾಗಲಿ ಅಂತ ಪಟ್ಟೆಗಳ ಮೇಲೆ ಗುರಾಣಿ ಅಂಟಿಸುತ್ತಾರೆ. ಚಂದ ಇರುವುದು ಅದನ್ನು ತೂಗುಹಾಕುವ ರೀತಿಯಲ್ಲಿ. ಹಬ್ಬದ ದಿನ ಪುರಭವನದ ಮುಂದೆ ಬಾವುಟವನ್ನು ಅಡ್ಡ ಹಾರಿಸುವ ಬದಲು ಉದ್ದಕ್ಕೆ ಇಳಿಬಿಡುತ್ತಾರೆ, ಸೀರೆ ಒಣಹಾಕಿದ ಹಾಗೆ. ಆಗ ಪಟ್ಟೆಗಳು ನೆಟ್ಟಗೆ ನಿಲ್ಲುತ್ತವೆ. ಗುರಾಣಿ ಮಾತ್ರ ಪಕ್ಕಕ್ಕೆ ಮಲಗಬಾರದು. ಅದಕ್ಕೇ ಎರಡು ಥರದ ಬಾವುಟ ಹೊಲಿಸಬೇಕು. ಬ್ರೆಮೆನ್‌ನವರು ತಮ್ಮ ಕೆಂಪು-ಬಿಳಿ ಪಟ್ಟೆಗಳನ್ನು 'ಹಂದಿಕೊಬ್ಬಿನ ಬಾವುಟ' ಅನ್ನುತ್ತಾರೆ. ಸೀಳಿದ ಹಂದಿಮಾಂಸದ ಪದರದ ಹಾಗೆ ಕಾಣುತ್ತದಂತೆ.

ಅದೇ ಬ್ರೆಮೆನ್‌ನಿಂದ ಇನ್ನೊಂದು ಉಪಕಾರ ಆಯಿತು. 1906ರಲ್ಲಿ ಅಲ್ಲಿ ಕಾಫಿ ಹಾಗ್ ಅನ್ನುವ ಕಂಪನಿ ಹುಟ್ಟಿತು, ಕೆಫೀನ್ ತೆಗೆದ ಕಾಫಿ ಮಾರಲು. ಗಿರಾಕಿಗಳನ್ನು ಹಿಡಿದಿಡಲು ಅವರು ಊರುಗಳ ಲಾಂಛನದ ಸಣ್ಣ ಸಣ್ಣ ಚೀಟಿ ಕೊಟ್ಟರು. ಅಂಟಿಸಲು ಆಲ್ಬಂ ಬೇರೆ. ನಾವು ಬೆಂಕಿಪೊಟ್ಟಣದ ಚಿತ್ರ ಕೂಡಿಹಾಕುತ್ತಿದ್ದೆವಲ್ಲ, ಹಾಗೆ 1920ರ ದಶಕದಲ್ಲಿ ಜರ್ಮನಿಯ ಮನೆಮನೆಯಲ್ಲಿ ಊರುಗಳ ಗುರಾಣಿ ಕೂಡಿಹಾಕಿದರು. ಚಿತ್ರ ಬರೆದವರು ಒಟ್ಟೊ ಹುಪ್. ಲಾಂಛನದ ಲೋಕದಲ್ಲಿ ಬಹಳ ದೊಡ್ಡ ಹೆಸರು. ಸ್ಪಾಟನ್ ಬಿಯರಿನ ಸಲಿಕೆ ಗುರುತೂ ಅವರದ್ದೇ. ಪಂಡಿತರ ಕಪಾಟಿನಲ್ಲಿದ್ದ ವಿದ್ಯೆ ಕಾಫಿ ಲೋಟದ ಪಕ್ಕಕ್ಕೆ ಬಂತು.

ಸಭೆಯಲ್ಲಿ ಒಬ್ಬರು ಕೇಳಿದರು, ಯಾರು ಬೇಕಾದರೂ ಊರಿಗೆ ಲಾಂಛನ ಮಾಡಬಹುದಾ ಅಂತ. ಮಾಡಬಹುದು, ಆದರೆ ದಾಟಬೇಕಾದ ಬಾಗಿಲುಗಳಿವೆ. ಮೊದಲು ದೊರೆ ಕೊಡುತ್ತಿದ್ದ. 1918ರಲ್ಲಿ ದೊರೆಗಳು ಹೋದರು. ಈಗ ಊರಿನ ಸಭೆ ತೀರ್ಮಾನಿಸುತ್ತದೆ. ಬವೇರಿಯಾದಲ್ಲಾದರೆ ರಾಜ್ಯದ ಪತ್ರಾಗಾರ ನೋಡಿ ಅಭಿಪ್ರಾಯ ಹೇಳುತ್ತದೆ. ಬಣ್ಣದ ನಿಯಮ ಸರಿಯಿದೆಯಾ, ಬೇರೆ ಊರಿನದ್ದನ್ನು ಕದ್ದಿಲ್ಲ ತಾನೇ ಅಂತ. ಒಪ್ಪಿಗೆಯಾದ ಮೇಲೆ ಅದು ಊರಿನ ಹೆಸರಿನಷ್ಟೇ ಊರಿನ ಸ್ವತ್ತು. ಅಂಗಡಿಯವನು ಸುಮ್ನೆ ತನ್ನ ಬೋರ್ಡಿಗೆ ಹಾಕಿಕೊಳ್ಳುವ ಹಾಗಿಲ್ಲ.

ಈ ಕೆಲಸ ಜೋರಾಗಿ ನಡೆದದ್ದು ನಮ್ಮ ಕಾಲದಲ್ಲೇ. 1960, 70ರ ದಶಕದಲ್ಲಿ ಪಶ್ಚಿಮ ಜರ್ಮನಿ ಸಣ್ಣ ಸಣ್ಣ ಹಳ್ಳಿಗಳನ್ನು ಸೇರಿಸಿ ಒಂದು ಮಾಡಿತು. ಸುಮಾರು 24,000 ಇದ್ದ ಸ್ಥಳೀಯ ಆಡಳಿತಗಳು ಸುಮಾರು 8,500ಕ್ಕೆ ಇಳಿದವು. ನಾಲ್ಕು ಹಳ್ಳಿ ಸೇರಿಸಿದರೆ ಯಾರ ಲಾಂಛನ? ಎಷ್ಟೋ ಕಡೆ ಜಗಳವನ್ನು ತೆನೆಯಲ್ಲೋ ನಕ್ಷತ್ರದಲ್ಲೋ ತೀರಿಸಿದರು. ನಾಲ್ಕು ಹಳ್ಳಿಗೆ ನಾಲ್ಕು ತೆನೆ. ನೋಡಲು ಸಪ್ಪೆ, ಆದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಪೂರ್ವ ಜರ್ಮನಿಯ ಕಡೆ, 1990ರಲ್ಲಿ ಎರಡು ಜರ್ಮನಿ ಒಂದಾದ ನಂತರ, ಹಳ್ಳಿಗಳು ತಾವಾಗಿಯೇ ಗುರಾಣಿ ಮಾಡಿಸಿಕೊಂಡವು.

ಕೊನೇ ಚಿತ್ರ. ಮ್ಯೂನಿಕ್ ಪಕ್ಕದ ಗಾರ್ಖಿಂಗ್. 1957ರಲ್ಲಿ ಅಲ್ಲಿ ಜರ್ಮನಿಯ ಮೊದಲ ಸಂಶೋಧನಾ ಪರಮಾಣು ರಿಯಾಕ್ಟರ್ ಶುರುವಾಯಿತು. ಅದರ ಗುಮ್ಮಟ ನಿಲ್ಲಿಸಿದ ಮೊಟ್ಟೆಯ ಹಾಗಿದೆ. ಜನ ಅದನ್ನು 'ಆಟಂ ಮೊಟ್ಟೆ' ಅಂದರು. ಆಗಿನ್ನೂ ಗಾರ್ಖಿಂಗ್ ಹೊಲಗದ್ದೆಗಳ ಹಳ್ಳಿ. ಹಳ್ಳಿಯವರಿಗೆ ಎಷ್ಟು ಹೆಮ್ಮೆ ಅಂದರೆ ಊರಿಗೆ ಲಾಂಛನ ಮಾಡಿಸುವಾಗ ಅದರಲ್ಲಿ ಆ ಮೊಟ್ಟೆಯನ್ನೇ ಇಟ್ಟರು. ಆ ರಿಯಾಕ್ಟರ್ 2000ದಲ್ಲಿ ನಿಂತಿತು. 2023ರ ಏಪ್ರಿಲ್‌ನಲ್ಲಿ ಜರ್ಮನಿ ತನ್ನ ಕೊನೆಯ ಪರಮಾಣು ವಿದ್ಯುತ್ ಸ್ಥಾವರಗಳನ್ನೂ ಮುಚ್ಚಿತು. ಗುಮ್ಮಟ ಈಗ ಕೆಡವಬಾರದ ಸ್ಮಾರಕ. ಗುರಾಣಿ ಮೇಲೆ ಮೊಟ್ಟೆ ಹಾಗೇ ಇದೆ.

ಹೇಂಟೆಯಿಂದ ಶುರು ಮಾಡಿದ್ದೆ, ಮೊಟ್ಟೆಗೆ ಬಂದು ನಿಂತೆ. ಕಾಫಿ ಆರುತ್ತಿದೆ, ಬನ್ನಿ.